ನಗೆಯ ಸೀನಿನಲ್ಲಿ ಅಳುವವಳು

ಅಶ್ವಥ್ ಹೊಸ ಟಿವಿ ತಂದ ದಿನ ಪುಟ್ಟಕ್ಕನಿಗೂ ಸಂಭ್ರಮವೇ ಆಗಿತ್ತು. ವಿದ್ಯಾನಗರದ ಆ ಮನೆಯ ಹಾಲಿನ ಒಂದು ಗೋಡೆಯನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚುವಷ್ಟು ದೊಡ್ಡ ಟಿವಿ. ಎದುರಿಗೆ ಎರಡು, ಸೋಫಾದ ಹಿಂದೆ ಎರಡು ಸ್ಪೀಕರು.

"ಇನ್ಮ್ಯಾಲೆ ಟಾಕೀಸಿಗೆ ಹೋಗೋದೇ ಬ್ಯಾಡವ್ವ. ಟಾಕೀಸೇ ಮನೀಗೆ ಬಂದೈತೆ" ಎಂದ ಮಗ.

ಪುಟ್ಟಕ್ಕ ನಕ್ಕಳು. ಹರಿಹರದ ಹಳೆಯ ಟಾಕೀಸಿನ ಹೆಂಗಸರ ಗೇಟಿನಲ್ಲಿ ಇಪ್ಪತ್ತೆರಡು ವರ್ಷ ನಿಂತವಳು ಅವಳು. ಗಂಡ ಬೇಗ ತೀರಿಕೊಂಡ ಮೇಲೆ ಸಿಕ್ಕ ಕೆಲಸ. ಟಿಕೆಟ್ ಹರಿಯುವುದು, ಟಾರ್ಚು ಹಾಕಿ ಸೀಟು ತೋರಿಸುವುದು, ಆಟ ಮುಗಿದ ಮೇಲೆ ಒಬ್ಬರೂ ಉಳಿಯದ ಹಾಗೆ ಎಬ್ಬಿಸಿ ಕಳಿಸುವುದು. ಇಷ್ಟು ವರ್ಷದಲ್ಲಿ ಒಂದು ಸಿನಿಮಾವನ್ನೂ ಅವಳು ಕೂತು ಪೂರ್ತಿ ನೋಡಿರಲಿಲ್ಲ. ಬಾಗಿಲ ಪರದೆಯ ಪಕ್ಕ ನಿಂತು ಕೇಳಿದ್ದೇ ಹೆಚ್ಚು.

"ನೀ ಗೇಟಿನಾಗ ನಿಂತು ಕೇಳಿದ್ದು ಯಾವ್ದಾರ ಒಂದು ಹೇಳು. ಇವತ್ತು ಆರಾಮಾಗಿ ಕೂತು ನೋಡೋಣ."

ಯೋಚಿಸದೆ ಅವಳ ಬಾಯಿಂದ ಒಂದು ಹೆಸರು ಬಂದುಬಿಟ್ಟಿತು. ಇಪ್ಪತ್ತಾರು ವರ್ಷದ ಹಿಂದೆ ಹತ್ತು ವಾರ ಓಡಿದ ಸಿನಿಮಾ. ಹೇಳಿದ ಮರುಕ್ಷಣವೇ ಹೇಳಬಾರದಿತ್ತು ಅನ್ನಿಸಿತು. ಅಷ್ಟರಲ್ಲಿ ಅಶ್ವಥ್ ಅದನ್ನು ಹುಡುಕಿ ಹಾಕಿಯೂ ಆಗಿತ್ತು.

ಭಾನುವಾರದ ಮಧ್ಯಾಹ್ನ. ಸೊಸೆ ಕೀರ್ತನಾ ಕಿಟಕಿಯ ಕರ್ಟನ್ ಎಳೆದು ಬಂದು ಪಕ್ಕದಲ್ಲಿ ಕೂತಳು. ಮುಕ್ಕಾಲು ಗಂಟೆ ಕಳೆದ ಮೇಲೆ ಮದುವೆಮನೆಯ ಸೀನು ಬಂತು. ಅಡುಗೆಯವರು ಪಾಯಸದ ಕೊಳಗ ಹೊತ್ತು ಬರುವಾಗ ಕಾಲು ಜಾರಿ, ಬೀಗರ ಮೈಮೇಲೆಲ್ಲ ಪಾಯಸ. ಅಶ್ವಥ್ ಹೋ ಎಂದು ನಕ್ಕ. ಕೀರ್ತನಾಳೂ ನಕ್ಕಳು.

ಸೋಫಾದ ಹಿಂದೆ ಯಾರೋ ಬಿಕ್ಕಿದರು.

ಬಾಯಿಗೆ ಸೆರಗು ತುರುಕಿಕೊಂಡು ಅಳುವವರ ಬಿಕ್ಕು ಅದು. ಎರಡು ಸಲ ಉಸಿರು ಕಟ್ಟಿ, ಮೂರನೆಯ ಸಲಕ್ಕೆ ಹೊರಗೆ ಬಿಡುವಂಥದ್ದು. ಪುಟ್ಟಕ್ಕ ತಿರುಗಿ ನೋಡಿದಳು. ಗೋಡೆ, ಇಸ್ತ್ರಿ ಮಾಡಬೇಕಾದ ಬಟ್ಟೆಯ ಗಂಟು, ಆ ಎರಡು ಸ್ಪೀಕರು.

"ಏನವ್ವ?"

"ಯಾರೋ ಅಳಾಕತ್ಯಾರಲ್ಲೋ."

"ಹಿಂದಿನ ಸ್ಪೀಕರ್‌ನಾಗೂ ಸೌಂಡ್ ಬರ್ತೈತವ್ವ, ಅದಕ್ಕೆ ಹಂಗನ್ಸುತ್ತೆ" ಎಂದು ಅವನು ಸಿನಿಮಾ ನಿಲ್ಲಿಸಿದ. ಅಳು ನಿಂತಿತು. ಮತ್ತೆ ಹಾಕಿದ. ಅಳು ಶುರುವಾಯಿತು. "ನೋಡು, ಇಲ್ಲಿ ಎಲ್ಲಾರೂ ನಗ್ತಾ ಅದಾರೆ" ಎಂದು ಸೀನನ್ನು ಹಿಂದಕ್ಕೆ ಓಡಿಸಿ ಇನ್ನೊಂದು ಸಲ ತೋರಿಸಿದ. ಅವ್ವನ ಮುಖ ನೋಡಿ, ರಿಮೋಟಿನಲ್ಲಿ ಸದ್ದನ್ನು ಪೂರ್ತಿ ತೆಗೆದುಬಿಟ್ಟ.

ತೆರೆಯ ಮೇಲೆ ಮದುವೆಗೆ ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಗುತ್ತಿದ್ದರು. ಆ ಮೌನದಲ್ಲಿ ಪುಟ್ಟಕ್ಕನಿಗೆ ಅಳು ಇನ್ನೂ ಸ್ಪಷ್ಟವಾಗಿ ಕೇಳಿಸಿತು.

ಪುಟ್ಟಕ್ಕ ಎದ್ದು ಅಡುಗೆಮನೆಗೆ ಹೋದಳು. ಲೋಟಕ್ಕೆ ನೀರು ಬಗ್ಗಿಸಿ ಕುಡಿಯದೆ ಹಿಡಿದು ನಿಂತಳು. ಹಿಂದೆಯೇ ಬಂದ ಕೀರ್ತನಾ ಲೋಟ ತೆಗೆದಿಟ್ಟು ಅತ್ತೆಯ ಕೈ ಹಿಡಿದಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಸುಮ್ಮನೆ ಸಮಾಧಾನ ಮಾಡುವ ಜಾಯಮಾನ ಅವಳದಲ್ಲ.

"ಅತ್ತೆ, ಆ ಅಳು ಯಾರ್ದು ಅಂತ ನಿಮಗೆ ಗೊತ್ತೈತೆ. ಹೌದಿಲ್ರಿ?"

ಇಪ್ಪತ್ತಾರು ವರ್ಷ ಯಾರಿಗೂ ಹೇಳದ್ದನ್ನು ಪುಟ್ಟಕ್ಕ ಅಂದು ಅಡುಗೆಮನೆಯ ನೆಲದ ಮೇಲೆ ಕೂತು ಹೇಳಿದಳು.

ಆ ಅಳುವ ಹೆಂಗಸಿಗೆ ಆಗ ಇಪ್ಪತ್ತೈದರ ಆಸುಪಾಸು ಇರಬೇಕು. ದಿನಾ ಮ್ಯಾಟ್ನಿಗೆ ಒಬ್ಬಳೇ ಬರುತ್ತಿದ್ದಳು, ನಾಲ್ಕನೆಯ ಸಾಲಿನ ಗೋಡೆ ಬದಿಯ ಸೀಟಿಗೆ. ಒಂದೇ ಸಿನಿಮಾಕ್ಕೆ ಮೂರು ವಾರ. ದುಃಖದ ಸೀನಿನಲ್ಲಿ ಸುಮ್ಮನೆ ಕೂತಿರುತ್ತಿದ್ದವಳು ಆ ಪಾಯಸದ ಸೀನು ಬಂದ ಕೂಡಲೇ ಬಗ್ಗಿ ಅಳುತ್ತಿದ್ದಳು. ಮೊದಲು ತಲೆ ಕೆಟ್ಟಿರಬೇಕು ಅಂದುಕೊಂಡಿದ್ದ ಪುಟ್ಟಕ್ಕನಿಗೆ ನಾಲ್ಕೈದು ದಿನದಲ್ಲಿ ಅರ್ಥವಾಗಿತ್ತು. ಆರುನೂರು ಜನ ಒಟ್ಟಿಗೆ ನಗುವಾಗ ಒಬ್ಬಳ ಅಳು ಯಾರ ಕಿವಿಗೂ ಬೀಳುವುದಿಲ್ಲ. ಪರದೆಯ ಪಕ್ಕ ನಿಂತವಳೊಬ್ಬಳನ್ನು ಬಿಟ್ಟು.

"ಒಂದಿನ ಆಟ ಬಿಟ್ಟ ಮ್ಯಾಲೂ ಏಳ್ಲಿಲ್ಲ. 'ಅಕ್ಕ, ಇನ್ನೊಂದು ಆಟ ಕೂತ್ಕಂತೀನಿ, ಮನೀಗೆ ಹೋಗಾಕ ಆಗವಲ್ದು' ಅಂದ್ಲು. ಫಸ್ಟ್ ಶೋ ಹೌಸ್‌ಫುಲ್ ಇತ್ತು. ಮ್ಯಾನೇಜರ್ರು ಬಾಗಲಾಗೇ ನಿಂತಿದ್ರು. ನಾನು ಮುಖದ ಮ್ಯಾಲೆ ಟಾರ್ಚು ಬಿಟ್ಟು, 'ಏಳಮ್ಮ, ಎಲ್ಲಾರ್ಗೂ ಒಂದೇ ರೂಲ್ಸು' ಅಂತ ರಟ್ಟೆ ಹಿಡ್ದು ಎಬ್ಬಿಸ್ದೆ. ಮೈ ಸುಡ್ತಿತ್ತು ಕೀರ್ತನಾ. ಆದ್ರೂ ಎಬ್ಬಿಸ್ದೆ."

"ಆಮ್ಯಾಲೆ?"

"ಮಾರನೆ ದಿನ ಕೆಲ್ಸಕ್ಕೆ ಬರ್ತಾ ಇದ್ದೆ. ಹೊಳಿ ದಂಡ್ಯಾಗ ಜನ ಸೇರಿದ್ರು. ಯಾರ್ದೋ ಹೆಣ ತೇಲಿ ಬಂದೈತಂತೆ ಅಂದ್ರು. ನಾನು ಬ್ಯಾರೆ ಸಂದ್ಯಾಗ ಹಾದು ಹೋಗಿಬಿಟ್ಟೆ. ಅವಳು ಮತ್ತೆ ಬರ್ಲಿಲ್ಲ."

"ಹೋಗಿ ನೋಡ್ಲಿಲ್ಲೇನ್ರಿ? ಯಾರನ್ನಾರ ಕೇಳ್ಬೋದಿತ್ತಲ್ಲ?"

"ಕೇಳಿದ್ರೆ ಹೇಳಿಬಿಡ್ತಿದ್ರಲ್ಲ" ಎಂದಳು ಪುಟ್ಟಕ್ಕ.

ಹಾಲಿನಲ್ಲಿ ಅಶ್ವಥ್ ಟಿವಿ ಆರಿಸಿದ ಸದ್ದಾಯಿತು. ಕೀರ್ತನಾ, "ಶನಿವಾರ ನಂಗೆ ಅರ್ಧ ದಿನ. ಹೋಗಿ ಕೇಳ್ಕಂಡು ಬರೋಣ ನಡೀರಿ" ಎಂದಳು.

ಆ ಐದು ದಿನ ಪುಟ್ಟಕ್ಕ ಹಾಲಿನಲ್ಲಿ ಒಬ್ಬಳೇ ಕೂರಲಿಲ್ಲ. ಟಿವಿ ಆರಿದ್ದರೂ ಅದರ ಕಪ್ಪು ಗಾಜಿನಲ್ಲಿ ಸೋಫಾ ಕಾಣುತ್ತಿತ್ತು. ಸೋಫಾದ ಹಿಂದಿನ ಜಾಗವೂ ಕಾಣುತ್ತಿತ್ತು. ಅವಳು ಅತ್ತ ನೋಡದೆ ಗೋಡೆ ಹಿಡಿದು ದಾಟುತ್ತಿದ್ದಳು.

ಶನಿವಾರ ಇಬ್ಬರೂ ಬಸ್ಸಿನಲ್ಲಿ ಹರಿಹರಕ್ಕೆ ಹೋದರು. ಟಾಕೀಸು ಮುಚ್ಚಿ ಹದಿನಾಲ್ಕು ವರ್ಷವಾಗಿತ್ತು. ಅಲ್ಲಿ ಸಿನಿಮಾ ಓಡಿಸುವ ಮಷೀನ್ ಆಪರೇಟರ್ ಆಗಿದ್ದ ಮುಜಾಹಿದ್ ರೈಲ್ವೆ ಸ್ಟೇಷನ್ನಿನ ಹತ್ತಿರ ಮಿಕ್ಸಿ, ಫ್ಯಾನು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಪುಟ್ಟಕ್ಕನನ್ನು ಕಂಡು ಕನ್ನಡಕ ಮೇಲೇರಿಸಿದ.

"ಅರೆ, ಪುಟ್ಟಕ್ಕ! ಬರ್ರಿ ಬರ್ರಿ, ಕೂಡ್ರಿ. ಚಾ ಹೇಳ್ತೀನಿ."

"ಚಾ ಆಮ್ಯಾಲೆ, ಮುಜಾಹಿದ್ ಭಾಯಿ" ಎಂದು ಪುಟ್ಟಕ್ಕ ನಿಂತೇ ಕೇಳಿದಳು. ಆ ಸಿನಿಮಾ ಓಡುತ್ತಿದ್ದಾಗ ಹೊಳೆಯಲ್ಲಿ ತೇಲಿ ಬಂದದ್ದು ಯಾರು ಎಂದು.

ಮುಜಾಹಿದ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ನಾನೇ ನೋಡಾಕ ಹೋಗಿದ್ದೆನಲ್ಲ. ಗಂಡಸು. ಮರಳು ತೆಗೆಯೋನು, ಎಚ್ಚರ ತಪ್ಪಿ ಬಿದ್ದಿದ್ನಂತೆ."

ಪುಟ್ಟಕ್ಕ ಕೂತುಬಿಟ್ಟಳು. ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಇಳಿಯಲಿಲ್ಲ. ಮುಜಾಹಿದನ ಮುಖದಲ್ಲಿ ಇನ್ನೂ ಏನೋ ಉಳಿದಿತ್ತು.

"ನೀವು ಕೇಳ್ತಿರೋದು ಆ ಹೆಣ್ಮಗಳ ಸಲುವಾಗಿ, ಅಲ್ರಾ?" ಎಂದ ಅವನು.

"ನಿನಗೆ ಹೆಂಗೆ ಗೊತ್ತು?"

"ನೀವು ಹೊರಗ ಕಳಿಸಿದ್ರಲ್ಲ, ಅವತ್ತು ಆಕೆ ಮನೀಗೆ ಹೋಗ್ಲಿಲ್ಲ. ಹಿಂದಿನಿಂದ ಬಂದು ಮಷೀನ್ ರೂಮಿನ ಮೆಟ್ಲ ಮ್ಯಾಲೆ ಕೂತಿದ್ಲು. ಜ್ವರ ಇತ್ತು. ಚಾ ಕೊಟ್ಟೆ. ಹೆಸ್ರು ಸುಮಾ ಅಂದ್ಲು. ಕೂಸು ತೀರಿಕೊಂಡು ಎಲ್ಡು ತಿಂಗ್ಳಾಗಿತ್ತಂತೆ. ಮನ್ಯಾಗ ಅತ್ರೆ ಮನೀಗೆ ಒಳ್ಳೇದಲ್ಲ ಅಂತ ಅಳಾಕ ಬಿಡ್ತಿರ್ಲಿಲ್ಲಂತೆ. ಅದಕ್ಕೆ ಇಲ್ಲಿಗೆ ಬರ್ತೀನಣ್ಣ ಅಂದ್ಲು."

ಕೀರ್ತನಾ ಕೇಳಿದಳು: "ಆಮ್ಯಾಲೆ ಎಲ್ಲಿಗೆ ಹೋದ್ರು?"

"ಅದೇ ನಂಗೂ ಗೊತ್ತಿಲ್ಲಮ್ಮ. ರೀಲು ಬದ್ಲಿಸೋ ಹೊತ್ತಾತು, ಒಳಗೆ ಹೋದೆ. ಬಂದು ನೋಡಿದ್ರೆ ಮೆಟ್ಲು ಖಾಲಿ. ಚಾ ಕುಡಿದಿರ್ಲಿಲ್ಲ. ಮಾರನೆ ದಿನ ಹೊಳಿ ಸುದ್ದಿ ಬಂತು. ಓಡಿಹೋಗಿ ನೋಡಿದ್ದು ಅದಕ್ಕೇ."

"ಇದನ್ನ ನಂಗೆ ಅವತ್ತೇ ಯಾಕ ಹೇಳ್ಲಿಲ್ಲ?" ಪುಟ್ಟಕ್ಕನ ದನಿ ಏರಿತ್ತು.

"ಮಷೀನ್ ರೂಮಿನ ಹತ್ರ ಹೆಣ್ಮಗಳನ್ನ ಕೂರಿಸ್ಕಂಡಿದ್ದ ಅಂತ ಮ್ಯಾನೇಜರ್‌ಗೆ ಗೊತ್ತಾಗಿದ್ರೆ ನನ್ನ ಕೆಲ್ಸ ಇರ್ತಿತ್ತಾ ಪುಟ್ಟಕ್ಕ?"

ಪುಟ್ಟಕ್ಕ ತಲೆ ತಗ್ಗಿಸಿದಳು. ತಾನೂ ಅದೇ ಮ್ಯಾನೇಜರನ ಹೆದರಿಕೆಗೆ ಟಾರ್ಚು ಬಿಟ್ಟವಳು.

ತಾನು ಊರಿನ ಕಾರ್ಖಾನೆಯ ಕಡೆಯವಳು ಎಂದು ಸುಮಾ ಅಂದದ್ದೊಂದು ಮುಜಾಹಿದನಿಗೆ ನೆನಪಿತ್ತು. ಅತ್ತೆ ಸೊಸೆ ಸಂಜೆಯವರೆಗೆ ಅಲ್ಲಿನ ಓಣಿಗಳಲ್ಲಿ ತಿರುಗಿದರು. ಅರ್ಧ ಮನೆಗಳಿಗೆ ಬೀಗ. ಬಾಗಿಲು ತೆರೆದವರು ಹೊಸಬರು. ಒಬ್ಬ ಮುದುಕಿ ಮಾತ್ರ, "ಸುಮಾ? ಕೂಸು ಹೋಗಿತ್ತಲ್ಲ, ಆಕೀನಾ?" ಎಂದು ಬಹಳ ಹೊತ್ತು ಯೋಚಿಸಿದಳು. "ಸಿನಿಮಾಕ್ಕೆ ಹೋದಾಕಿ ತಿರುಗಿ ಬರ್ಲಿಲ್ಲ ಅಂತಿದ್ರಪ್ಪ. ಆ ಮನೆಯೋರೂ ಆಮ್ಯಾಲೆ ಊರು ಬಿಟ್ರು."

ಅಷ್ಟೇ. ಅದಕ್ಕಿಂತ ಹೆಚ್ಚಿನದು ಹೇಳುವವರು ಯಾರೂ ಸಿಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಪುಟ್ಟಕ್ಕ ಕಿಟಕಿಗೆ ತಲೆಯಾನಿಸಿ ಮೆಲ್ಲಗೆ ಆ ಹೆಸರನ್ನು ಎರಡು ಮೂರು ಸಲ ಹೇಳಿಕೊಂಡಳು. ಸತ್ತಿದ್ದಾಳೆ ಎಂದು ಅಳಲು ಬರುವಂತಿರಲಿಲ್ಲ. ಬದುಕಿದ್ದಾಳೆ ಎಂದು ಮರೆಯಲೂ ಬರುವಂತಿರಲಿಲ್ಲ.

ಮರುದಿನ ಅಶ್ವಥ್ ಬೇಕೆಂದೇ ಹೊಸ ಸಿನಿಮಾ ಹಾಕಿದ, ಬರೀ ಹೊಡೆದಾಟದ್ದು. ಹಳೆಯದನ್ನು ಹಾಕದಿದ್ದರೆ ಅವ್ವ ಸರಿಹೋಗುತ್ತಾಳೆ ಎಂದು ಅವನ ಎಣಿಕೆ. ಪುಟ್ಟಕ್ಕ ಬಂದು ಕೂತಳು. ಮೊದಲನೆಯ ಹೊಡೆದಾಟ ಶುರುವಾಗಿ ನಾಲ್ಕೂ ಸ್ಪೀಕರುಗಳು ಗುಡುಗತೊಡಗಿದವು. ಆ ಗದ್ದಲದ ಅಡಿಯಲ್ಲಿ, ಅವಳ ಬೆನ್ನ ಹಿಂದೆ, ಎರಡು ಸಲ ಉಸಿರು ಕಟ್ಟಿತು.

ಅವಳು ತಿರುಗಲಿಲ್ಲ. ಕುತ್ತಿಗೆಯ ಮೇಲೆ ಜ್ವರದ ಬಿಸಿಯುಸಿರು ತಾಗಿದಂತಾಯಿತು. ಸೀರೆಯ ಅಂಚನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಳು.

ಅವ್ವನಿಗೆ ಮತ್ತೆ ಅಳು ಕೇಳಿಸುತ್ತಿದೆ ಎಂದು ಅಶ್ವಥ್‌ಗೆ ತಿಳಿದುಹೋಯಿತು. "ಹಿಂದಿನ ಸ್ಪೀಕರ್ ಬಿಚ್ಚಿಬಿಡ್ತೀನವ್ವ, ನಾಳೆನೇ ಅಂಗಡಿಗೆ ವಾಪಸ್ ಕೊಡ್ತೀನಿ."

"ಬ್ಯಾಡ, ಇರ್ಲಿ. ಸೌಂಡ್ ಜಾಸ್ತಿ ಮಾಡು."

ಮೂವರೂ ಕೊನೆಯವರೆಗೂ ನೋಡಿದರು. ಹೆಸರುಗಳು ತೆರೆಯ ಮೇಲೆ ಹರಿದು ಮುಗಿದವು. ಹಿಂದಿನ ಬಿಕ್ಕು ಇನ್ನೂ ಮುಗಿದಿರಲಿಲ್ಲ. ಅಶ್ವಥ್ ರಿಮೋಟಿಗೆ ಕೈ ಚಾಚಿದ.

"ಆರಿಸ್ಬ್ಯಾಡ" ಎಂದಳು ಪುಟ್ಟಕ್ಕ. "ಇನ್ನೊಂದು ಆಟ ಹಾಕು."

"ಇನ್ನೊಂದಾ? ಐದೂವರೆ ಆತವ್ವ."

"ಆಗ್ಲಿ. ಯಾವ್ದಾರ ಹಾಕು. ಉದ್ದಂದು ಇರ್ಲಿ."

ಅಶ್ವಥ್ ಹೆಂಡತಿಯ ಮುಖ ನೋಡಿದ. ಕೀರ್ತನಾ ಚಹಾಕ್ಕಿಡಲು ಎದ್ದು ಹೋದಳು. ಅವನು ಬೇಸರದಿಂದ ಒಂದೊಂದೇ ಸಿನಿಮಾದ ಹೆಸರು ಓದಿ ಹೇಳತೊಡಗಿದ. ಪುಟ್ಟಕ್ಕ ಬೆನ್ನ ಹಿಂದಿನ ಸದ್ದಿಗೆ ಕಿವಿಗೊಟ್ಟು, ಪ್ರತಿಯೊಂದು ಹೆಸರಿಗೂ ಹೂಂ ಹೂಂ ಎನ್ನುತ್ತ ಕೂತಿದ್ದಳು.