ಸುಟ್ಟುಹೋದ ಅಳತೆಕೋಲು

ಆ ಜುಲೈ ಕೊನೆಯಲ್ಲಿ ಹಳ್ಳ ಏರಿದಾಗ ಎಸ್ಟಿಲ್ ಹಾಲ್‌ಬ್ರೂಕ್ ಅವರನ್ನು ಅವರ ಮನೆಯ ಮಾಡಿನ ಮೇಲಿಂದ ದೋಣಿಗೆ ಇಳಿಸಿಕೊಂಡು ಹೋದರು. ಎಪ್ಪತ್ತೊಂಬತ್ತು ವರ್ಷದ ಮನುಷ್ಯ. ಐದು ಗಂಟೆ ಮಳೆಯಲ್ಲಿ ನೆನೆದು ಎದೆ ಕಟ್ಟಿಹೋಗಿತ್ತು. ಪೇಟೆಯ ಆಸ್ಪತ್ರೆಯಲ್ಲಿ ಮೂರು ವಾರ ಮಲಗಿದರು. ನಮ್ಮ ಮನೆ ಅವರ ಎದುರು ದಡದಲ್ಲಿ, ಏರಿನ ಮೇಲಿದೆ. ನೆಲಮಾಳಿಗೆಗೆ ಒಂದಿಷ್ಟು ನೀರು ನುಗ್ಗಿದ್ದು ಬಿಟ್ಟರೆ ನಮಗೆ ಏನೂ ಆಗಲಿಲ್ಲ. ಏನೂ ಆಗದವರಿಗೆ ಆ ದಿನಗಳಲ್ಲಿ ತಲೆ ಎತ್ತಿ ಓಡಾಡಲು ನಾಚಿಕೆಯಾಗುತ್ತಿತ್ತು. ಅದಕ್ಕೇ ಯಾರೂ ಕೇಳದಿದ್ದರೂ ಗುದ್ದಲಿ ಹಿಡಿದು ಎಸ್ಟಿಲ್ ಅವರ ಮನೆಗೆ ಹೋದೆ.

ಮನೆ ನಿಂತಿತ್ತು, ಒಳಗೆ ಮೊಣಕಾಲುದ್ದ ಕೆಸರು. ಹಿತ್ತಲಿನ ಶೆಡ್ಡು ಒಂದು ಪಕ್ಕಕ್ಕೆ ವಾಲಿಕೊಂಡಿತ್ತು. ಆ ಶೆಡ್ಡಿನಲ್ಲೇ ಅವರು ನಲವತ್ತು ವರ್ಷದಿಂದ ಡಲ್ಸಿಮರ್ ಮಾಡುತ್ತಿದ್ದದ್ದು. ತೊಡೆಯ ಮೇಲಿಟ್ಟು ನುಡಿಸುವ ಮೂರು ತಂತಿಯ ವಾದ್ಯ, ನಡು ಸಣ್ಣ, ಮೇಲಿನ ಪಟ್ಟಿಯಲ್ಲಿ ಸ್ವರ ಹಿಡಿಯುವ ಲೋಹದ ಮೆಟ್ಟುಗಳು. ವರ್ಷಕ್ಕೆ ಐದೋ ಆರೋ ಮಾಡುವರು. ಅವರ ಹೆಂಡತಿ ಓಪಲ್ ಬದುಕಿದ್ದಾಗ ಜಗಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರಿಗೆ ಮಾರುತ್ತಿದ್ದಳು. ಕೊಂಡವರ ಹೆಸರು, ಊರು ಯಾವುದನ್ನೂ ಬರೆದಿಡುತ್ತಿರಲಿಲ್ಲ. ಶೆಡ್ಡಿನೊಳಗೆ ಮಾತ್ರ ಎಸ್ಟಿಲ್ ಯಾರನ್ನೂ ಬಿಡುತ್ತಿರಲಿಲ್ಲ. ಮೂವತ್ತು ವರ್ಷ ನೆರೆಯವಳಾಗಿದ್ದರೂ ನಾನು ಆ ಹೊಸ್ತಿಲವರೆಗೆ ಹೋಗಿ ಬೀನ್ಸ್ ಸಾರಿನ ಪಾತ್ರೆ ಕೊಟ್ಟು ಬಂದವಳು, ಅಷ್ಟೇ.

ಒಹಾಯೊ ಕಡೆಯಿಂದ ಯಾವುದೋ ಚರ್ಚಿನವರು ನಾಲ್ಕು ಜನ ಸಹಾಯಕ್ಕೆ ಬಂದಿದ್ದರು. "ಯಾವುದು ಇಡೋದು, ಯಾವುದು ಎಸೆಯೋದು ನೀವೇ ಹೇಳಿಬಿಡಿ ಅಮ್ಮಾ" ಅಂದರು. ನಾನು ಹೇಳಿದೆ. ಕೆಸರಿನಲ್ಲಿ ಹೂತಿದ್ದ ಎರಡು ಡಲ್ಸಿಮರ್ ಒಡಲುಗಳು ಸಿಕ್ಕವು. ತಂತಿಯಿಲ್ಲ, ಮೇಲಿನ ಪಟ್ಟಿಯಿಲ್ಲ, ಬರೀ ಒಡಲು. ಮಗುವಿಗೆ ಮೈ ತೊಳೆದ ಹಾಗೆ ತೊಳೆದು ನಮ್ಮ ಜಗಲಿಯ ನೆರಳಿನಲ್ಲಿ ಒಣಗಿಸಿದೆ. ಗೋಡೆಯ ತುಂಬ ಇನ್ನೇನೇನೋ ಮರದ ಸಾಮಾನು ನೇತಾಡುತ್ತಿತ್ತು. ದಪ್ಪ ಹಲಗೆಯಲ್ಲಿ ನಡುವಿನ ಬಳುಕು ಕೊರೆದು ಬೋಲ್ಟು ಹಾಕಿದ್ದ ಎರಡು ಹೋಳು. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ ಹಿಡಿಕೆಗಳು. ಗರಗಸ ತೂರುವಷ್ಟೇ ಸಂದು ಬಿಟ್ಟಿದ್ದ ಮುಚ್ಚಳವಿಲ್ಲದ ಪೆಟ್ಟಿಗೆ. ಉದ್ದಕ್ಕೂ ಗೀರು ಹಾಕಿದ್ದ ಒಂದು ಕೋಲು. ಎಲ್ಲಕ್ಕೂ ಕೆಸರು ಮೆತ್ತಿ ಅಂಟು ಬಿಟ್ಟಿತ್ತು. ಮುರಿದ ಕುರ್ಚಿಗಳ ಚೂರುಪಾರು ಅಂದುಕೊಂಡೆ. ಅಂಗಳದಲ್ಲಿ ಬೆಂಕಿ ಉರಿಯುತ್ತಿತ್ತು. ಒಂದೊಂದಾಗಿ ನನ್ನ ಕೈಯಾರೆ ಹಾಕಿದೆ. ಆ ಕೋಲು ತೆಳ್ಳಗಿತ್ತು, ಬೇಗ ಹತ್ತಿಕೊಂಡಿತು.

ಆಗಸ್ಟ್ ಮಧ್ಯದಲ್ಲಿ ಎಸ್ಟಿಲ್ ವಾಪಸಾದರು. ನನ್ನ ಗಂಡ ಡೆಂಜಿಲ್ ಟ್ರಕ್ಕಿನಲ್ಲಿ ಕರೆದುಕೊಂಡು ಬಂದ. ಇಳಿದವರೇ ನೇರ ಶೆಡ್ಡಿಗೆ ಹೋದರು. ನಾನು ಒಡಲುಗಳೆರಡನ್ನೂ ಹೊತ್ತುಕೊಂಡು ಹಿಂದೆಯೇ ಓಡಿದೆ. ನನ್ನ ಮುಖದಲ್ಲಿ ಹೆಮ್ಮೆ ಇದ್ದಿರಬೇಕು.

ಅವುಗಳ ಕಡೆ ಸುಮ್ಮನೆ ಕಣ್ಣು ಹಾಯಿಸಿದರು. "ಇವು ಹೋಗಿದ್ರೆ ಇನ್ನೆರಡು ಮಾಡ್ಕೋತಿದ್ದೆ ವರ್ಲೀನ್. ಗೋಡೆ ಮೇಲಿದ್ದದ್ದೆಲ್ಲಿ?"

"ಗೋಡೆ ಮೇಲೆ?"

"ನನ್ನ ಜಿಗ್ಗುಗಳು. ಮರ ಬಗ್ಗಿಸೋ ಅಚ್ಚು. ಅಂಟು ಹಿಡಿಯೋವರೆಗೂ ಅದುಮಿಡೋವು. ಮೆಟ್ಟು ಕೂರಿಸೋ ಕೋಲು." ಅವರಿಗೆ ಕಿವಿ ಮಂದ. ಕಲ್ಲಿದ್ದಲ ಗಣಿಯ ಯಂತ್ರದ ಮುಂದೆ ಇಪ್ಪತ್ತೆಂಟು ವರ್ಷ ದುಡಿದವರು, ಹಾಗಾಗಿ ಕೂಗಿಯೇ ಮಾತಾಡುತ್ತಿದ್ದರು. "ಕೋಲು ಕಣೇ, ಗೀರು ಗೀರಿತ್ತಲ್ಲ!"

ನನ್ನ ಬಾಯಿಂದ ಬಂದದ್ದು ಇಷ್ಟು: "ನೀರು ತಗೊಂಡು ಹೋಯ್ತು, ಎಸ್ಟಿಲ್."

ಅವರು ಗೋಡೆಯ ಖಾಲಿ ಮೊಳೆಗಳನ್ನು ನೋಡುತ್ತ ನಿಂತರು. ಆಮೇಲೆ, "ಹಾಗಾದ್ರೆ ಕೆಳಗೆಲ್ಲೋ ಸಿಕ್ಕಿಹಾಕ್ಕೊಂಡಿರತ್ತೆ. ಮರ ತಾನೆ, ಮುಳುಗಲ್ಲ" ಅಂದರು.

ಮಾರನೆಯ ದಿನದಿಂದ ಹುಡುಕಲು ಹೊರಟರು. ರಬ್ಬರ್ ಬೂಟು, ಕೈಯಲ್ಲಿ ಊರುಗೋಲು, ಹೆಗಲಿಗೊಂದು ಗೋಣಿಚೀಲ. ಹಳ್ಳದ ದಡದುದ್ದಕ್ಕೂ ಕಸದ ಗುಡ್ಡೆಗಳು, ಮರದ ಬೇರಿಗೆ ಸಿಕ್ಕಿಕೊಂಡ ಹಾಸಿಗೆ, ಬಾಗಿಲು, ಫ್ರಿಜ್ಜು. ಪ್ರತಿ ಗುಡ್ಡೆಯನ್ನೂ ಕೋಲಿನಿಂದ ಕೆದಕುವರು. ಕೆಮ್ಮು ಬಂದಾಗ ಬಗ್ಗಿ ಮೊಣಕಾಲು ಹಿಡಿದುಕೊಳ್ಳುವರು. ನಮ್ಮ ಅಡುಗೆಮನೆ ಕಿಟಕಿಯಿಂದ ಅವರ ಕೆಂಪು ಟೋಪಿ ಕಾಣುತ್ತಿತ್ತು.

ಎರಡನೆಯ ದಿನ ಡೆಂಜಿಲ್ ಊಟದ ತಟ್ಟೆ ದೂರ ಸರಿಸಿದ. "ಹೋಗಿ ಹೇಳಿಬಿಡೇ."

"ಏನಂತ ಹೇಳಲಿ?"

"ಸುಟ್ಟೆ ಅಂತ. ಬಾಯಿ ಇದೆಯಲ್ಲ ನಿಂಗೆ. ನನ್ನ ಬೈಯೋವಾಗ ಚೆನ್ನಾಗೇ ಬರತ್ತೆ."

"ಗೊತ್ತಿದ್ದು ಸುಟ್ನಾ ನಾನು?"

"ಸುಟ್ಟದ್ದಕ್ಕಲ್ಲ ಕಣೇ. ಆ ಮುದುಕ ಅಲ್ಲಿ ಸಾಯ್ತಿದ್ದಾನೆ."

ನಾಳೆ ಹೇಳುತ್ತೇನೆ ಅಂದುಕೊಂಡೆ. ಮೂರನೆಯ ದಿನವೂ ಹಾಗೇ ಅಂದುಕೊಂಡೆ. ನಾಲ್ಕನೆಯ ದಿನ ಮಧ್ಯಾಹ್ನ ಎಸ್ಟಿಲ್ ಅವರೇ ನಮ್ಮ ಮೆಟ್ಟಿಲ ಮೇಲೆ ಬಂದು ಕೂತರು. ಮೊಣಕೈವರೆಗೆ ಕೆಸರು. ಚೀಲದಿಂದ ಒಂದು ಬಾಗಿದ ಮರದ ತುಂಡು ತೆಗೆದು ತೊಡೆಯ ಮೇಲಿಟ್ಟು ಒರೆಸಿದರು.

"ಇದನ್ನ ಎರಡು ಮೈಲಿ ಹೊತ್ಕೊಂಡು ಬಂದೆ. ನನ್ನ ಅಚ್ಚು ಅಂತ. ನೋಡಿದ್ರೆ ಯಾರದೋ ಕುರ್ಚಿ ಬೆನ್ನು." ನಕ್ಕರು. ನಗು ಕೆಮ್ಮಿಗೆ ತಿರುಗಿತು. "ಅಚ್ಚು ಹೋದ್ರೆ ಹೋಗ್ಲಿ, ಇನ್ನೊಂದು ಕೊರೀಬಹುದು. ಆ ಕೋಲು ಬೇಕಿತ್ತು. ಅದು ಓಪಲ್ ಅಪ್ಪ ಮಾಡಿದ್ದು. ಮೆಟ್ಟಿನ ಜಾಗ ಎಲ್ಲಾನೂ ಅವನು ಕಿವಿಯಲ್ಲೇ ಕೇಳಿ ಗೀರಿದ್ದ, ಹಳೇ ಹಾಡು ಹೇಗೆ ಕೂರತ್ತೋ ಹಾಗೆ. ಪುಸ್ತಕದ ಲೆಕ್ಕಕ್ಕೆ ಅದು ಸಿಗಲ್ಲ. ನನ್ನ ಕಿವಿ ಹೋದ್ಮೇಲೂ ಆ ಕೋಲಿತ್ತು ಅಂತ ಸರಿಯಾಗಿ ಮಾಡ್ತಿದ್ದೆ."

ಆಗ ಹೇಳಿದೆ. ಜೋರಾಗಿ ಹೇಳಬೇಕಾಯಿತು. ಮೊದಲ ಸಲ ಅವರಿಗೆ ಕೇಳಿಸಲಿಲ್ಲ. "ನಾನು ಸುಟ್ಟೆ, ಎಸ್ಟಿಲ್! ಕಸ ಅಂದ್ಕೊಂಡು ಸುಟ್ಟೆ!" ಅಂತ ಕೂಗಿದೆ. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಅವರು ಕುರ್ಚಿಯ ಬೆನ್ನನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟರು.

"ಸುಟ್ಟದ್ದು ಹೋಗ್ಲಿ" ಅಂದರು. ಆ ಹೊತ್ತು ಅವರು ಕೂಗಲಿಲ್ಲ. "ನಾಲ್ಕು ದಿನ ನಾನು ಹಳ್ಳದಲ್ಲಿ ಬಿದ್ದು ಒದ್ದಾಡಿದ್ದನ್ನ ನೀನು ಕಿಟಕಿಯಿಂದ ನೋಡ್ತಾ ಇದ್ದೆಯಲ್ಲ."

ಎದ್ದು ಹೋದರು. ಅಲ್ಲಿಂದ ನಮ್ಮ ಜೊತೆ ಮಾತಿಲ್ಲ. ನಾನು ಕಳಿಸಿದ ಕಾರ್ನ್‌ಬ್ರೆಡ್ಡು ಅವರ ಬೇಲಿಗೂಟದ ಮೇಲೆ ಹಾಗೇ ಇರುತ್ತಿತ್ತು, ಹಕ್ಕಿಗಳು ತಿನ್ನುತ್ತಿದ್ದವು.

ಅವರ ಕೈಯ ಹಳೇ ಡಲ್ಸಿಮರ್ ಒಂದು ಸಿಕ್ಕರೆ ಮೆಟ್ಟುಗಳ ಅಳತೆ ಹಿಡಿಯಬಹುದು ಎಂದು ನನಗೆ ಹೊಳೆದದ್ದು ಸೆಪ್ಟೆಂಬರಿನಲ್ಲಿ. ಹಳ್ಳದ ಮೇಲಿನ ಮನೆ, ಕೆಳಗಿನ ಮನೆ, ಚರ್ಚು, ಅಂಚೆ ಕಚೇರಿ ಎಲ್ಲ ಕಡೆ ಕೇಳಿದೆ. ಇದ್ದವೆಲ್ಲ ನೀರುಪಾಲು. ಕೊನೆಗೆ ಅಂಚೆಯವಳು, ಗ್ಲೆನ್ನಾ ಟೀಚರ್ ಹತ್ತಿರ ಒಂದಿತ್ತಲ್ಲ ಅಂದಳು. ನನಗೆ ನಾಲ್ಕನೆಯ ಕ್ಲಾಸು ಕಲಿಸಿದ ಟೀಚರ್, ತೊಂಬತ್ತು ದಾಟಿತ್ತು. ಪೇಟೆಯ ವೃದ್ಧಾಶ್ರಮದಲ್ಲಿದ್ದರು. ಡಲ್ಸಿಮರ್ ಅವರ ಮಂಚದ ಪಕ್ಕದ ಗೋಡೆಯಲ್ಲಿತ್ತು. ಕೇಳದೆಯೇ ಕೈ ಚಾಚಿದೆ.

"ತಗೊಂಡ್ ನೋಡು. ಬೀಳಿಸಬೇಡ, ನೀನು ಚಿಕ್ಕೋಳಿದ್ದಾಗಿಂದ್ಲೂ ಕೈ ಸಡಿಲ" ಅಂದರು ಟೀಚರ್. ಆಮೇಲೆ ಹೇಳಿದರು, "ಮುಂಚೆ ಅದು ಅಪಸ್ವರ ಹೇಳ್ತಿತ್ತು ಕಣಮ್ಮ. ನಮ್ಮ ಚರ್ಚಿನ ಗಿಟಾರಿನ ಜೊತೆ ಸೇರ್ತಾನೇ ಇರಲಿಲ್ಲ. ದೊಡ್ಡ ಊರಿನ ಅಂಗಡೀಲಿ ಕೊಟ್ಟು ಮೆಟ್ಟೆಲ್ಲ ಕೀಳಿಸಿ ಸರಿಯಾದ ಜಾಗಕ್ಕೆ ಹಾಕಿಸಿದೆ. ಈಗ ಚೆನ್ನಾಗಿದೆ."

ಅಲ್ಲೇ ಅವರ ಮಂಚದ ತುದಿಗೆ ಕೂತುಬಿಟ್ಟೆ. ಒಳ್ಳೆಯದು ಮಾಡಲು ಹೋದವಳು ನಾನೊಬ್ಬಳೇ ಅಲ್ಲ ಅನ್ನಿಸಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ. ಸುಮ್ಮನೆ ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದೆ. ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಮೆಟ್ಟುಗಳ ಪಕ್ಕದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆಗಳು ಕಂಡವು. ಮೊದಲು ಮೆಟ್ಟು ಕೂತಿದ್ದ ಹಳೆಯ ಸೀಳುಗಳು. ಕಿತ್ತ ಜಾಗಕ್ಕೆ ಮರದ ಪುಡಿ, ಅಂಟು ತುಂಬಿ ಮುಚ್ಚಿದ್ದರು. ಮರ ಮುಚ್ಚಿಕೊಂಡಿರಲಿಲ್ಲ.

"ಒಂದು ವಾರಕ್ಕೆ ಕೊಡಿ ಟೀಚರ್."

"ಒಂದೇ ವಾರ. ನನಗೇನು ಬಹಳ ವಾರ ಉಳಿದಿಲ್ಲ."

ಎಸ್ಟಿಲ್ ಬಾಗಿಲು ತೆರೆದು ನನ್ನ ಮುಖ ನೋಡಲಿಲ್ಲ, ವಾದ್ಯ ನೋಡಿದರು. ನಾನು ಕಪ್ಪು ಗೆರೆ ತೋರಿಸಿದೆ. ಕೈಯಿಂದ ಕಸಿದುಕೊಂಡ ಹಾಗೆ ತೆಗೆದುಕೊಂಡು ಬಾಗಿಲು ಹಾಕಿದರು. ಮೂರು ದಿನದ ನಂತರ ಬೇಲಿಯ ಹತ್ತಿರ ನಿಂತು, "ವರ್ಲೀನ್!" ಅಂತ ಕೂಗಿದರು. ಆ ಮೂವತ್ತು ವರ್ಷದಲ್ಲಿ ಮೊದಲ ಸಲ, ಅವರೇ ಕರೆದು, ನಾನು ಅವರ ಶೆಡ್ಡಿನೊಳಗೆ ಕಾಲಿಟ್ಟೆ. ಒಂದು ಕಡೆ ಗೋಡೆಗೆ ಊರೆ ಕೊಟ್ಟು ನಿಲ್ಲಿಸಿದ್ದರು. ಮೇಜಿನ ಮೇಲೆ ಹೊಸ ಕೋಲು, ಪೆನ್ಸಿಲ್ಲು, ಚಾಕು.

"ಹದಿನೈದರಲ್ಲಿ ಹದಿಮೂರು ಸಿಕ್ಕವು. ಇನ್ನೆರಡಕ್ಕೆ ಹೊಸ ಸೀಳು ಹಳೇದರ ಮೇಲೇ ಬಿದ್ದಿದೆ, ಹಳೇದು ಎಲ್ಲಿತ್ತು ಅಂತ ಕಾಣಲ್ಲ" ಅಂದರು. "ನೀನು ನಿಮ್ಮ ಚರ್ಚಲ್ಲಿ ಹಾಡ್ತೀಯಲ್ಲ, ವಾದ್ಯ ಇಲ್ಲದೆ, ಎಳೆದು ಎಳೆದು. ಹಾಡು. ಎಲ್ಲಿ ಸೇರತ್ತೆ ಹೇಳು."

"ನನ್ನ ಗಂಟಲನ್ನ ನಂಬ್ತೀರಾ?"

"ನಂಬಿಕೆ ಗಿಂಬಿಕೆ ಏನಿಲ್ಲ. ನನ್ನ ಕಿವಿ ಸತ್ತಿದೆ. ಹಾಡು."

ಕ್ಷಮೆ ಕೇಳಲು ಬಾಯಿ ತೆರೆದೆ. "ಹಾಡು ಅಂದೆ" ಅಂದರು.

ಒಣಗಿಸಿದ್ದ ಒಡಲಿಗೆ ಒಂದು ಪಟ್ಟಿ ಕೂರಿಸಿ ಒಂದೇ ತಂತಿ ಬಿಗಿದಿದ್ದರು. ಮೆಟ್ಟಿನ ಬದಲಿಗೆ ಚಿಕ್ಕ ತಂತಿಚೂರನ್ನು ಅದರಡಿ ಇಟ್ಟು ಕೂದಲೆಳೆಯಷ್ಟು ಅತ್ತ ಇತ್ತ ಸರಿಸುವರು, ಮೀಟುವರು. ನಾನು ಅಮ್ಮ ಹೇಳಿಕೊಟ್ಟ ಹಾಡೊಂದನ್ನು ಎತ್ತಿದೆ. ಆ ಸ್ವರ ಬರುವ ಜಾಗದಲ್ಲಿ ಎಳೆದು ನಿಲ್ಲುವೆ. "ಇನ್ನೂ ಕೆಳಗೆ" ಅಂದರೆ ಕೆಳಗೆ ಸರಿಸುವರು. ಅವರು ತಲೆ ಬಗ್ಗಿಸಿ ವಾದ್ಯದ ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದರು. ಮರದ ಅದುರು ದವಡೆಯಿಂದ ಒಳಗೆ ಹೋಗುತ್ತದಂತೆ. ಜೊಲ್ಲು ಮರದ ಮೇಲೆ ಇಳಿಯುತ್ತಿತ್ತು. ನನಗೆ ನೋಡಲಾಗದೆ ಕಣ್ಣು ಮುಚ್ಚಿ ಹಾಡಿದೆ.

ಎರಡು ಮಧ್ಯಾಹ್ನ ಬೇಕಾಯಿತು. ಒಂದು ಸ್ವರ ಇದೇ ಅಂತ ನನ್ನ ಮೈಗೇ ಗೊತ್ತಾಯಿತು. ಇನ್ನೊಂದರಲ್ಲಿ ಒಮ್ಮೆ ಇಲ್ಲಿ ಸೇರಿದ ಹಾಗೆ, ಒಮ್ಮೆ ಅಲ್ಲಿ ಸೇರಿದ ಹಾಗೆ.

"ಸರಿಯಾ?" ಅಂತ ಕೇಳಿದರು.

ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು. "ಗೊತ್ತಾಗ್ತಿಲ್ಲ, ಎಸ್ಟಿಲ್" ಅಂದೆ.

ಅವರು ಹೊಸ ಕೋಲನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಎರಡೂ ಜಾಗದ ನಡುವೆ ಚಾಕುವಿನಿಂದ ಗೀರಿದರು.

ಟೀಚರಿಗೆ ವಾದ್ಯ ಹಿಂದಿರುಗಿಸಿದೆ. ಚಳಿಗಾಲ ಪೂರ್ತಿ ಶೆಡ್ಡಿನಿಂದ ಗರಗಸದ ಸದ್ದು ಬರುತ್ತಿತ್ತು, ನಡುನಡುವೆ ಕೆಮ್ಮು. ಬಳುಕಿನ ಅಚ್ಚು ಹೊಸದಾಗಿ ಕೊರೆದರು. ಬಿಸಿ ಕೊಳವೆಗೆ ವಾಲ್‌ನಟ್ ಮರದ ತೆಳುಪಟ್ಟಿ ಒತ್ತಿ ಬಗ್ಗಿಸುವಾಗ ಬರುವ ಹುರಿದ ವಾಸನೆ ಹಳ್ಳ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಒಮ್ಮೊಮ್ಮೆ ಡೆಂಜಿಲ್ ಹೋಗಿ ಸೌದೆ ಒಡೆದುಕೊಟ್ಟು ಬರುತ್ತಿದ್ದ. ನನ್ನನ್ನು ಮತ್ತೆ ಕರೆಯಲಿಲ್ಲ. ಎದುರು ಸಿಕ್ಕರೆ ಟೋಪಿಗೆ ಕೈ ಮುಟ್ಟಿಸುವರು, ಅಷ್ಟೇ. ನಮ್ಮ ಮೆಟ್ಟಿಲ ಮೇಲೆ ಅವರು ಇನ್ನು ಯಾವತ್ತೂ ಕೂರಲಿಲ್ಲ.

ಮಾರ್ಚಿನಲ್ಲಿ ಒಂದು ಡಲ್ಸಿಮರ್ ಮುಗಿಯಿತು. ಎರಡನೆಯದರ ಬದಿಗಳು ಅಚ್ಚಿನಲ್ಲಿ ಬಿಗಿಯಾಗಿ ಕೂತಿರುವಾಗಲೇ ಎಸ್ಟಿಲ್ ತೀರಿಕೊಂಡರು. ಬೆಳಿಗ್ಗೆ ಸೌದೆ ಕೊಡಲು ಹೋದ ಡೆಂಜಿಲ್ ನೋಡಿದ್ದು, ಮೇಜಿನ ಪಕ್ಕದ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತಿದ್ದರಂತೆ. ಅವರನ್ನು ಓಪಲ್ ಪಕ್ಕದಲ್ಲಿ ಬೆಟ್ಟದ ಮೇಲೆ ಮಣ್ಣು ಮಾಡಿದೆವು. ಅಲ್ಲಿ ಒಬ್ಬರು ಸಾಲು ಎತ್ತಿಕೊಟ್ಟಂತೆ ನಾವೆಲ್ಲ ಎಳೆದು ಹಾಡಿದೆವು. ಆ ತಿಳಿಯದ ಸ್ವರದ ಜಾಗಕ್ಕೆ ಬಂದಾಗ ನಾನು ಹಾಡು ನಿಲ್ಲಿಸಿಬಿಟ್ಟೆ. ಪಕ್ಕದವರು ದುಃಖ ಅಂದುಕೊಂಡು ಬೆನ್ನು ಸವರಿದರು.

ಮನೆ ಅವರ ತಂಗಿಯ ಮಗನ ಪಾಲಿಗೆ ಬಂತು. ಅವನು ಶೆಡ್ಡು ಕೆಡವಲು ಬಂದಾಗ ಗೋಡೆಯ ಮೇಲಿನದನ್ನೆಲ್ಲ ನಾನೇ ಇಳಿಸಿಕೊಂಡೆ. "ಈ ಕಟ್ಟಿಗೆ ಯಾಕೆ ಆಂಟಿ?" ಅಂದ. ಯಾವುದು ಏನು ಅಂತ ಒಂದೊಂದನ್ನೂ ಎತ್ತಿ ತೋರಿಸಿ ಹೇಳಿದೆ. ಅವನು ಮೊಬೈಲು ನೋಡುತ್ತ ಹೂಂಗುಟ್ಟಿದ.

ಬೇಸಿಗೆಯಲ್ಲಿ ಪೇಟೆಯಿಂದ ಒಬ್ಬಳು ಹೆಂಗಸು ಬಂದಳು. ರೋವೀನಾ ಅಂತ, ಮರಗೆಲಸ ಕಲಿಸುವವಳು, ಡಲ್ಸಿಮರ್ ಮಾಡುವುದು ಕಲಿಯಬೇಕೆಂದಿದ್ದಳು. ಅಚ್ಚು, ಹಿಡಿಕೆ, ಪೆಟ್ಟಿಗೆ ಎಲ್ಲ ಅವಳ ಕಾರಿಗೆ ತುಂಬಿಸಿದೆ. ಕೋಲನ್ನು ಮಾತ್ರ ಕೈಯಲ್ಲೇ ಕೊಟ್ಟು, ಹದಿಮೂರು ಗೀರು ಎಲ್ಲಿಂದ ಬಂದವು, ಒಂದು ನನ್ನ ಗಂಟಲಿನಿಂದ ಹೇಗೆ ಬಂತು, ಎಲ್ಲ ಹೇಳಿದೆ.

"ಇದು?" ಅಂತ ಉಳಿದದ್ದರ ಮೇಲೆ ಬೆರಳಿಟ್ಟಳು.

"ಅದು ನಮಗಿಬ್ಬರಿಗೂ ಗೊತ್ತಿರಲಿಲ್ಲ" ಅಂದೆ.

ಅವಳು ಕಿವಿಯ ಹಿಂದಿನಿಂದ ಪೆನ್ಸಿಲ್ಲು ತೆಗೆದು ಆ ಗೀರಿನ ಪಕ್ಕ ಒಂದು ಸಣ್ಣ ಚುಕ್ಕೆ ಇಟ್ಟುಕೊಂಡಳು.