ಕೆಂಪು ಹಾಲ್‌ನಲ್ಲಿ ಒಂದು ಉದ್ದ ಸಿಳ್ಳೆ

೧
ಎಲ್ಲಿಂದ ಶುರು ಮಾಡಲಿ? ನನ್ನಜ್ಜಿಗಾದರೆ ಈ ತಾಪತ್ರಯವೇ ಇರಲಿಲ್ಲ. ಒಬ್ಬ ರಾಜನನ್ನು ಎಳೆತಂದು ಕೂರಿಸಿದರೆ ಸಾಕು, ಕಥೆ ತಾನಾಗಿ ಹೊರಡುತ್ತಿತ್ತು. ಕೇಳುವವರ ಕೆಲಸ ಹೂಂಗುಟ್ಟುವುದಷ್ಟೇ. ನಮ್ಮ ಹ್ಞೂಂ ನಿಂತರೆ ಅಜ್ಜಿಯೂ ನಿಲ್ಲುತ್ತಿದ್ದಳು. ಕುದುರೆ ಹತ್ತುತ್ತಿದ್ದ ರಾಜ ಒಂದು ಕಾಲು ಗಾಳಿಯಲ್ಲಿಟ್ಟುಕೊಂಡು ಮರುದಿನದ ತನಕ ಹಾಗೇ ಇರಬೇಕಾಗುತ್ತಿತ್ತು.

ನನ್ನ ಹತ್ತಿರ ರಾಜನಿಲ್ಲ. ಒಂದು ಸುರುಳಿ ಎಲ್‌ಇಡಿ ಪಟ್ಟಿ ಇದೆ, ಅದಕ್ಕೆ ಅಪ್ಪಣೆ ಕೊಡಲು ಬೆಂಕಿಪೊಟ್ಟಣದಷ್ಟು ದೊಡ್ಡ ಮೈಕ್ರೋಕಂಟ್ರೋಲರ್ ಬೋರ್ಡ್ ಇದೆ, ಎರಡನ್ನೂ ಬೆಸೆಯಲು ಹೋಗಿ ಬೆರಳು ಸುಟ್ಟುಕೊಂಡ ಒಬ್ಬ ಮಗಳಿದ್ದಾಳೆ. (ಬೆರಳು ಸುಟ್ಟುಕೊಂಡದ್ದು ನನ್ನ ಸ್ವಂತ ಅನುಭವ. ದೀಪ ಹತ್ತಿದ್ದು ಮಾತ್ರ ಶುದ್ಧ ಕಲ್ಪನೆ.)

೨
ಮಗಳು (ನನ್ನವಳಲ್ಲ, ಕಥೆಯವಳು) ದನಿ ಕೊಡುವ ಕೆಲಸದವಳು. ಫೋನಿನಲ್ಲಿ "ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಮುಖ್ಯ" ಅನ್ನುವವಳು ಅವಳೇ. ನೀವು ಎಷ್ಟೋ ಸಲ ಅವಳಿಗೆ ಶಾಪ ಹಾಕಿದ್ದೀರಿ. ಮಲಗುವ ಕೋಣೆಯ ಗೋಡೆಗೆಲ್ಲ ಕಂಬಳಿ ಹೊಡೆದು, ಬಾಗಿಲ ಸಂದಿಗೆ ಟವೆಲು ತುರುಕಿ ರೆಕಾರ್ಡ್ ಮಾಡುತ್ತಾಳೆ. ಹೊರಗೆ ಹಾಲ್‌ನಲ್ಲಿ ಅವಳಪ್ಪ. ರೈಲು ಓಡಿಸಿ ನಿವೃತ್ತನಾದವನು, ಮಾತಿಗೆ ಮಗಳ ಹೊರತು ಯಾರೂ ಇಲ್ಲದವನು.

"ನಿಮ್ಮ ಕರೆ ನಮಗೆ..."

"ಪುಟ್ಟೀ, ನನ್ನ ಕನ್ನಡಕ ನೋಡಿದ್ಯಾ?"

"ನಿನ್ ತಲೆ ಮೇಲೇ ಇದೆ ಅಪ್ಪಾ!"

"ಹೌದಲ್ವಾ. ಇಲ್ಲೇ ಕೂತಿರ್ಲಾ? ಮಾತಾಡಲ್ಲ."

(ಮಾತಾಡುತ್ತಾನೆ.)

ಅದಕ್ಕೇ ಈ ದೀಪ. ಹಾಲ್‌ನ ಗೋಡೆಗಳ ತುದಿಯಲ್ಲಿ, ಸೋಫಾದ ಹಿಂದೆ, ಬಾಗಿಲ ಚೌಕಟ್ಟಿನ ಸುತ್ತ ಅವಳು ಪಟ್ಟಿ ಅಂಟಿಸಿದಳು. ಒಳಗೆ ಕೂತು ಫೋನು ಒತ್ತಿದರೆ ವೈಫೈಯಲ್ಲಿ ಬೋರ್ಡಿಗೆ ಸುದ್ದಿ ಹೋಗಿ ಇಡೀ ಹಾಲ್ ಬಣ್ಣ ಬದಲಿಸುತ್ತದೆ. ಕೆಂಪಾದರೆ ಬರಬೇಡ, ಹಸಿರಾದರೆ ಬಾ.

"ಕೆಂಪು ಅಂದ್ರೇನು ಅಂತ ನಂಗೇ ಹೇಳ್ಕೊಡ್ತೀಯೇನೇ?" ಎಂದು ಅಪ್ಪ ನಕ್ಕ. ಕೆಲಸದಲ್ಲಿ ಒಂದು ದಿನವೂ ಕೆಂಪು ದಾಟಿದವನಲ್ಲ.

ಬಾಗಿಲು ತಳ್ಳುವುದು ಅಂದಿಗೆ ನಿಂತಿತು. ಮಗಳಿಗೆ ನೆಮ್ಮದಿಯಾಯಿತು. (ಎದೆಯೊಳಗೆ ಏನೋ ಖಾಲಿಯೂ ಆಯಿತು ಎಂದು ಬರೆದಿದ್ದೆ. ಅವಳು ಹೊಡೆದು ಹಾಕಿಸಿದಳು.)

೪
(ಮೂರನ್ನು ಹರಿದು ಹಾಕಿದೆ. ಅದರ ತುಂಬ ನಕ್ಷತ್ರಗಳಿದ್ದವು. ಓದಿದಾಗ ನನಗೇ ನಾಚಿಕೆಯಾಯಿತು.)

ಒಂದು ಸಂಜೆ ಕೆಲಸ ಮುಗಿಸಿ ಮಗಳು ಹಸಿರು ಒತ್ತಿದಳು. ಫೋನು ಹಸಿರು ತೋರಿಸಿತು. ಹಾಲ್ ಕೆಂಪಗೇ ಉಳಿಯಿತು. ಅದೇ ಕ್ಷಣಕ್ಕೆ ವೈಫೈ ಕೈಕೊಟ್ಟಿತ್ತು. ಅವಳ ಕೋಡ್ ಸುದ್ದಿ ಕಳಿಸುತ್ತದೆ, ಕಳಿಸಿದ್ದೇ ತಲುಪಿತು ಎಂದುಕೊಂಡು ಕೈತೊಳೆದುಕೊಳ್ಳುತ್ತದೆ. ಬೋರ್ಡಿನ ಕಡೆಯಿಂದ ಹ್ಞೂಂ ಬಂತೇ ಎಂದು ಕಾಯುವ ಸಾಲನ್ನು ಅವಳು ಬರೆದೇ ಇರಲಿಲ್ಲ. (ನನ್ನಜ್ಜಿ ಮೊದಲು ಅದನ್ನೇ ಬರೆಯುತ್ತಿದ್ದಳು.)

ಹಸಿರಿದೆ, ಇನ್ನೇನು ಬರುತ್ತಾನೆ ಎಂದುಕೊಂಡಳು. ಬರಲಿಲ್ಲ. ಬೇಡವಾದರೆ ಬೇಡ ಎಂದು ಮುನಿಸಿಕೊಂಡು, ಸರಿಯಾಗಿ ಬಾರದಿದ್ದ ಒಂದು ಸಾಲನ್ನು ಮತ್ತೆ ರೆಕಾರ್ಡ್ ಮಾಡತೊಡಗಿದಳು.

ಹೊರಗೆ ಅಪ್ಪ ಸ್ಟೂಲು ಎಳೆದುಕೊಂಡು ಬಾಗಿಲಿಗೆ ಮುಖ ಮಾಡಿ ಕೂತಿದ್ದ. ಎಡಗೈ ಎದೆಯ ಮೇಲಿತ್ತು.

೫
"ಏನ್ರೀ ಅದು?" ಮಗಳು ಕಥೆಯಿಂದೆದ್ದು ಸೀದಾ ನನ್ನ ಮೇಜಿನ ಹತ್ತಿರ ಬಂದಳು.

"ಯಾವುದು?"

"ಆ ಕೈ! ಎದೆ ಮೇಲೆ ಯಾಕಿದೆ?"

"ಕಥೆ ಸ್ವಲ್ಪ ಸಪ್ಪೆ ಹೊಡೀತಾ ಇತ್ತು..."

"ನಿಮ್ ಕಥೆ ಸಪ್ಪೆ ಆದ್ರೆ ನಮ್ಮಪ್ಪ ಸಾಯ್ಬೇಕೇನ್ರೀ? ಇಳಿಸಿ ಕೈನ!"

ಇಳಿಸಲು ನೋಡಿದೆ. ಮುಕ್ತಾಯ ಒಂದು: ಅಪ್ಪನ ಜೇಬಿನಲ್ಲಿ ಬೆಕ್ಕಿನ ಮರಿ, ಅದಕ್ಕೇ ಕೈ ಅಡ್ಡ.

"ಅಪ್ಪಂಗೆ ಬೆಕ್ಕು ಕಂಡ್ರಾಗಲ್ಲ."

ಮುಕ್ತಾಯ ಎರಡು: ಆ ಕೈ ಒಂದು ರೂಪಕ.

"ರೂಪಕಕ್ಕೆ ಆಂಬ್ಯುಲೆನ್ಸ್ ಬರುತ್ತಾ?"

ಮುಕ್ತಾಯ ಮೂರು: ಬರೀ ಗ್ಯಾಸು.

ಇದಕ್ಕೆ ಅವಳು ಜಗಳಾಡಲಿಲ್ಲ. "ಎಲ್ರೂ ಮೊದ್ಲು ಹಾಗೇ ಅಂದ್ಕೊಳ್ಳೋದು," ಎಂದಳು. ಫೋನಿನಲ್ಲಿ ಕೇಳುವ ದನಿಯಾಗಿರಲಿಲ್ಲ ಅದು.

"ಆದರೆ ಕಥೆಯಲ್ಲಿ ನಿನಗೆ ಇದೆಲ್ಲ ಗೊತ್ತಾಗೋ ಹಾಗಿಲ್ಲ," ಎಂದೆ. "ಹೆಡ್‌ಫೋನ್ ಹಾಕ್ಕೊಂಡು ಕೂತಿದೀಯ. ನಿನ್ನ ಫೋನು ಹಸಿರು ಅಂತಿದೆ."

"ಗೊತ್ತಾಗೋ ಹಾಗೆ ಬರೀರಿ ಮತ್ತೆ! ಕೆಂಪಿಗೆ ನಿಂತ ಡ್ರೈವರ್ ಏನ್ ಮಾಡ್ತಾನೆ, ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ನಾನು ರೈಲು ಹತ್ತಿದ ಕೂಡಲೇ ನಿದ್ದೆ ಹೋಗುವವಳು.

"ಉದ್ದಕ್ಕೆ ಒಂದು ಸೀಟಿ ಹಾಕ್ತಾನೆ. ನಾನಿಲ್ಲಿದೀನಿ, ಮರೀಬೇಡಿ ಅಂತ."

೬
ಬರೆದೆ.

ರೆಕಾರ್ಡ್ ಮಾಡಿದ್ದನ್ನು ಮಗಳು ಮರಳಿ ಹಾಕಿ ಕೇಳಿದಳು. "ದಯವಿಟ್ಟು ಕಾಯಿರಿ." ಅದರ ಅಡಿಯಲ್ಲಿ, ಕಂಬಳಿ, ಟವೆಲುಗಳನ್ನೆಲ್ಲ ದಾಟಿ ಬಂದ ಒಂದು ಸಿಳ್ಳೆ. ಎಳೆಯಷ್ಟು ಸಣ್ಣದು, ಉದ್ದ. ಕೊನೆಗೆ ಉಸಿರು ಸಾಲದೆ ಮುರಿದಿತ್ತು.

ಹೆಡ್‌ಫೋನ್ ಕಿತ್ತು ಬಾಗಿಲು ತೆಗೆದಳು. ಹಾಲ್ ತುಂಬ ಕೆಂಪು.

"ಅಪ್ಪಾ! ಒಳಗೆ ಬರೋದಲ್ವಾ?"

"ಕೆಂಪಿದೆಯಲ್ಲೇ ಪುಟ್ಟೀ."

ಅವಳು ದೀಪದ ಪ್ಲಗ್ ಕಿತ್ತಳು. ಹಾಲ್ ಕತ್ತಲಾಯಿತು.

"ಈಗ ಬಾ."

"ಆರಿದ ಸಿಗ್ನಲ್ಲೂ ಕೆಂಪಂತಲೇ ಲೆಕ್ಕ. ನಿಲ್ಲೋದೇ," ಎಂದ ಅಪ್ಪ. ಆ ದನಿಯಲ್ಲಿ ಇದ್ದದ್ದು ತಮಾಷೆಯೋ ನೋವೋ ನನಗೆ ತಿಳಿಯಲಿಲ್ಲ. ದನಿಯ ವಿಷಯದಲ್ಲಿ ಅವಳ ಕಿವಿ ಚುರುಕು, ಅವಳಿಗೆ ತಿಳಿದಿರಬೇಕು. ನನಗೆ ಹೇಳಲಿಲ್ಲ.

ಅವನು ಒಳಗೆ ಬರಲಿಲ್ಲ, ಅವಳೇ ಹೊರಗೆ ಬಂದಳು. ತಡಕಾಡುತ್ತ ಹೋಗಿ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, ಎದೆಯ ಮೇಲಿದ್ದ ಆ ಕೈಯನ್ನು ಹುಡುಕಿ ತನ್ನ ಕೈಯೊಳಗೆ ತೆಗೆದುಕೊಂಡಳು. (ಮೂರು ಮುಕ್ತಾಯ ಬರೆದರೂ ನನ್ನಿಂದ ಇಳಿಸಲಾಗದ ಕೈ ಅದು.)

೭
ಏಳು ಎಂಬ ಈ ಅಂಕಿ ನಿಮ್ಮ ಸಮಾಧಾನಕ್ಕೆ, ಕಥೆ ಮುಗಿಯಿತು ಅನ್ನಿಸಲಿ ಎಂದು. ಅಪ್ಪನಿಗೇನಾಗಿತ್ತು ಎಂದು ಕೇಳಬೇಡಿ. ನಾನು ಈ ಕತ್ತಲಲ್ಲಿ ಸ್ವಿಚ್ಚೆಲ್ಲಿದೆ ಎಂದೇ ಗೊತ್ತಿಲ್ಲದವಳು. ಕೇಳಿಸಿದ್ದಿಷ್ಟು:

"ಒಂದ್ ವಿಷಯ ಹೇಳ್ಬೇಕಿತ್ತು ಪುಟ್ಟೀ," ಎಂದ ಅಪ್ಪ. ಎಂದು, ಕಾದ.

"ಹ್ಞೂಂ," ಎಂದಳು ಮಗಳು.