ಅಜ್ಜಿಯನ್ನು ನಗಿಸಿದ ನಾಣ್ಯ

ಅತ್ತಿಗೆ ನಮ್ಮ ಮನೆಗೆ ಬಂದ ಮೂರನೇ ದಿನ ಅಜ್ಜಿ ನಕ್ಕಳು. ಸೊಂಟ ಮುರಿದು ಮಂಚ ಹಿಡಿದ ಒಂದೂವರೆ ವರ್ಷದಲ್ಲಿ ಅದೇ ಮೊದಲ ನಗು. ಅಷ್ಟೂ ದಿನ ಅವಳ ತಲೆ ಬಾಚಿದವಳು, ಮೈ ಒರೆಸಿದವಳು, ಮುದ್ದೆಯನ್ನು ಸಣ್ಣ ತುತ್ತು ಮಾಡಿ ಬಾಯಿಗಿಟ್ಟವಳು ನಾನು. ನಗಿಸಿದವಳು ಮಾತ್ರ ಚಳ್ಳಕೆರೆಯಿಂದ ಬಂದ ಈ ಅತ್ತಿಗೆ, ರೂಪ. ಅದೂ ಐದು ರೂಪಾಯಿಯ ಒಂದು ನಾಣ್ಯದಿಂದ.

ಅವಳ ಅಪ್ಪನಿಗೆ ಎಣ್ಣೆ ಮಿಲ್ಲಿನ ಎದುರು ಅಂಗಡಿ ಇದೆ. ಅಳುತ್ತಾ ಬರುವ ಮಕ್ಕಳಿಗೆ ಅವರು ಮಾಡಿ ತೋರಿಸುವ ಆಟವಂತೆ ಅದು. ರೂಪ ಎಡಗೈ ಬೆರಳುಗಳ ತುದಿಯಲ್ಲಿ ನಾಣ್ಯ ಹಿಡಿದಳು. ಬಲಗೈ ಬಂದು ಅದನ್ನು ತೆಗೆದುಕೊಂಡು ಮುಷ್ಟಿ ಕಟ್ಟಿತು. ಮುಷ್ಟಿಗೆ ಉಫ್ ಎಂದು ಊದಿ ಬಿಚ್ಚಿದಳು. ಏನೂ ಇಲ್ಲ. ಆಮೇಲೆ ಅಜ್ಜಿಯ ಕಿವಿಯ ಹಿಂದಿನಿಂದ ನಾಣ್ಯ ತೆಗೆದಳು.

"ಏನೇ ಮಾಯಗಾತಿ!" ಎಂದು ಅಜ್ಜಿ ಕೆಮ್ಮು ಬರುವವರೆಗೂ ನಕ್ಕಳು. "ಇನ್ನೊಂದು ಸಲ ಹುಡುಕೇ. ಕಳೆದೋದ ನನ್ನ ಓಲೆ ಏನಾರ ಸಿಕ್ಕೀತು."

ಅಂದಿನಿಂದ ಮಂಚದಿಂದ ಬರುವ ಕೂಗು ಬದಲಾಯಿತು. ಮೊದಲು ನನ್ನ ಹೆಸರು "ಲಚ್ಚೀ" ಎಂದಿದ್ದದ್ದು "ರೂಪಾ" ಆಯಿತು. ಎಲೆ ಅಡಿಕೆ ಕುಟ್ಟಿಕೊಡುವುದಕ್ಕೂ ರೂಪಾ. ನಾನು ಮಗ್ಗದಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದೆ. ನನಗೆ ನೋಡುವುದಷ್ಟೇ ಗೊತ್ತು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಇಳಿದಾಗ ಅಜ್ಜಿ ಕಲಿಸಿದ್ದೂ ಅದನ್ನೇ: ರೇಷ್ಮೆ ಎಳೆ ಎಲ್ಲಿದೆಯೋ ಕಣ್ಣು ಅಲ್ಲಿರಬೇಕು.

ಆಷಾಢ ಬಂತು. ಹೊಸ ಮದುವಣಗಿತ್ತಿಯನ್ನು ತವರಿಗೆ ಕಳಿಸಬೇಕು. ಅಣ್ಣ ಲೋಹಿತ ಮುಖ ಸಪ್ಪಗೆ ಮಾಡಿಕೊಂಡು ಅವಳನ್ನು ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದ. ನನಗೆ ಒಳಗೊಳಗೇ ಹಿಗ್ಗು. ಒಂದು ತಿಂಗಳು ಅಜ್ಜಿ ನನ್ನವಳು. ಅಷ್ಟರಲ್ಲಿ ಆ ಆಟ ಕಲಿತುಬಿಡಬೇಕು.

ಅಣ್ಣನ ಫೋನಿನಲ್ಲಿ ವಿಡಿಯೋ ಹುಡುಕಿದೆ. ಗುಟ್ಟು ತಿಳಿದಾಗ ಇಷ್ಟೇನಾ ಅನ್ನಿಸಿತು. ಬಲಗೈ ಏನನ್ನೂ ತೆಗೆದುಕೊಳ್ಳುವುದೇ ಇಲ್ಲ. ಅದರ ಬೆರಳುಗಳು ಮರೆಯಾಗಿ ನಿಂತ ಹೊತ್ತಿನಲ್ಲಿ ನಾಣ್ಯ ಎಡಗೈ ಬೆರಳುಗಳ ಬುಡಕ್ಕೆ ಜಾರಿ ಕೂರುತ್ತದೆ. ಬಲಗೈ ಬರಿದೇ ಮುಷ್ಟಿ ಕಟ್ಟಿಕೊಂಡು ಹೋಗುತ್ತದೆ.

ಮಾಡಲು ಹೋದರೆ ಇಷ್ಟೇ ಅಲ್ಲ. ನಾಣ್ಯ ಜಾರಿ ಮಗ್ಗದ ಗುಂಡಿಗೆ ಬೀಳುತ್ತಿತ್ತು. ಇಳಿದು ಹುಡುಕುವುದು, ಮತ್ತೆ ಬೀಳಿಸುವುದು.

"ಏನೇ ಅದು ಸದ್ದು, ಲಾಳಿ ಬಿಟ್ಟು ಗೆಜ್ಜೆ ಕಟ್ಟಿದ್ಯಾ?" ಎಂದು ಅಣ್ಣ ತನ್ನ ಮಗ್ಗದಿಂದ ಕೇಳಿದ.

"ಏನಿಲ್ಲಣ್ಣ."

ವಾರ ಕಳೆಯುವಷ್ಟರಲ್ಲಿ ಬೀಳುವುದು ನಿಂತಿತು. ಆಮೇಲೆ ಎಡಗೈ ಮರದ ಹಾಗೆ ಬಿಗಿಯುತ್ತಿತ್ತು. ಬಚ್ಚಿಟ್ಟ ಕೈ ಏನೂ ಇಲ್ಲದ ಕೈಯ ಹಾಗೆ ಸಡಿಲವಾಗಿರಬೇಕು. ಅದನ್ನೂ ಕಲಿತೆ. ಹದಿನೆಂಟನೇ ದಿನ ಅಜ್ಜಿಯ ಎದುರು ಕೂತೆ. ಮುಷ್ಟಿ ಕಟ್ಟಿದೆ, ಊದಿದೆ.

ನಾನು ಮುಷ್ಟಿ ಬಿಚ್ಚುವವರೆಗೂ ಅಜ್ಜಿ ಕಾಯಲಿಲ್ಲ. "ಎಡಗೈಯಾಗೈತೆ," ಎಂದಳು.

ಮತ್ತೆ ಮಾಡಿದೆ.

"ಎಡಗೈ."

ಮೂರನೇ ಸಲವೂ ಅದೇ. "ಎಂಗೆ ಗೊತ್ತಾಯ್ತದೆ ನಿಂಗೆ?" ಎಂದು ಕೇಳಿದೆ.

"ನಿನ್ನ ಕಣ್ಣು ಅಲ್ಲೇ ಐತಲ್ಲೇ. ನಾನೇ ಕಲಿಸಿದ ಕಣ್ಣು. ಬರಿಗೈ ನೋಡು ಅಂದ್ರೆ ನೋಡ್ತದಾ ಅದು?"

ನನ್ನ ಬಾಯಿಂದ ಬಂದೇಬಿಟ್ಟಿತು. "ಅತ್ತಿಗೆ ಮಾಡಿದ್ರೆ ನಗ್ತೀಯ. ಅವರ್ದೂ ಎಡಗೈಯಾಗೇ ಇರ್ತೈತೆ!"

"ನಂಗೊತ್ತಿಲ್ವಾ? ನಲವತ್ತು ವರ್ಷ ಎಳೆ ನೋಡ್ದೋಳು ನಾನು."

"ಮತ್ಯಾಕೆ ನಕ್ಕೆ?"

"ಬೇರೆ ಮನೆ ಕೂಸು. ಈ ಮುದುಕಿ ಮುಂದೆ ಕೈ ನಡುಗಿಸ್ಕೊಂಡು ಕುಂತಿತ್ತು. ಪಾಪ ಅಂತ ನಕ್ಕೆ." ಅಜ್ಜಿ ಕಿವಿಯ ಹಿಂದೆ ಕೈಯಾಡಿಸಿಕೊಂಡಳು. "ಸುಳ್ಳಿಗೆ ಶುರು ಮಾಡ್ದೆ ಕಣೇ. ಆಮೇಲೆ ನಿಜವಾಗ್ಲೂ ಬಂತು. ನಿಲ್ಲಿಸಾಕೇ ಆಗಲಿಲ್ಲ."

ನನ್ನ ಆಟಕ್ಕೆ ಸುಳ್ಳಿಗಾದರೂ ಯಾಕೆ ನಗಲಿಲ್ಲ ಎಂದು ಕೇಳಲು ನಾಲಿಗೆ ಏಳಲಿಲ್ಲ. ನಾಣ್ಯವನ್ನು ಗೋಡೆಯ ಗೂಡಿನಲ್ಲಿಟ್ಟು ಮಗ್ಗಕ್ಕೆ ಹೋದೆ. ಆ ದಿನ ಸೆರಗಿನಲ್ಲಿ ಎರಡು ಕಡೆ ತಪ್ಪು ನೇಯ್ದೆ.

ಶ್ರಾವಣದ ಮೊದಲ ವಾರ ರೂಪ ಬಂದಳು. ಕೈಯಲ್ಲಿ ಕಡಲೆಕಾಯಿ ಮಿಠಾಯಿಯ ಡಬ್ಬಿ. ಬ್ಯಾಗು ಇಳಿಸುವ ಮೊದಲೇ ಅಜ್ಜಿ ಕೂಗಿದಳು, "ಬಂದ್ಯಾ ಮಾಯಗಾತಿ? ನನ್ನ ಕಿವಿ ಬಿಕೋ ಅಂತೈತೆ!"

ರೂಪ ನಾಚಿ ನಕ್ಕಳು. ಕೈಕಾಲು ತೊಳೆಯಲು ಹಿತ್ತಲಿಗೆ ಬಂದಾಗ ಚೊಂಬಿನಲ್ಲಿ ನೀರು ಹಾಕಿದವಳು ನಾನು. ಅವಳ ಬೆರಳುಗಳನ್ನು ನೋಡಿದೆ. ಉದ್ದಕ್ಕೆ, ಮೆತ್ತಗೆ ಇದ್ದವು. ಅವುಗಳಲ್ಲಿ ಒಂದೂ ಎಳೆ ಕುಯ್ದ ಗಾಯವಿರಲಿಲ್ಲ.

"ಅಜ್ಜಿಗೆ ಮೊದಲ್ನೇ ದಿನದಿಂದ್ಲೇ ಗೊತ್ತಿತ್ತು ಅತ್ತಿಗೆ," ಎಂದೆ. "ನಾಣ್ಯ ಎಡಗೈಯಾಗೇ ಇರ್ತೈತೆ ಅಂತ. ಪಾಪ ಅಂತ ನಕ್ಕಿದ್ದಂತೆ."

ಅಷ್ಟನ್ನೇ ಹೇಳಿದೆ. ಉಳಿದದ್ದು ನೆನಪಿರಲಿಲ್ಲ ಎಂದಲ್ಲ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. "ಹೌದಾ," ಎಂದಳು.

ಅವತ್ತು ಅಜ್ಜಿ ಎಷ್ಟು ಕರೆದರೂ ಅವಳು ನಾಣ್ಯ ಹಿಡಿಯಲಿಲ್ಲ. "ಕೈ ತಪ್ಪಿಹೋಗೈತೆ ಅಜ್ಜಿ, ತವರಲ್ಲಿ ಮಾಡಲೇ ಇಲ್ಲ," ಎಂದಳು. ಮರುದಿನವೂ ಅದೇ. ಎಲೆ ಅಡಿಕೆ ಕುಟ್ಟಿಟ್ಟು ತಲೆ ತಗ್ಗಿಸಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಮೂರನೇ ದಿನ ಅಜ್ಜಿ ಕರೆಯುವುದನ್ನೂ ಬಿಟ್ಟಳು. ಗೋಡೆ ಕಡೆ ಮುಖ ಮಾಡಿ ಮಲಗಿದಳು. ನನ್ನ ಕೈಯಿಂದಲೂ ಎರಡೇ ತುತ್ತು ಉಂಡಳು.

"ಲಚ್ಚೀ," ಎಂದಳು ತಿರುಗದೆಯೇ. ಅತ್ತಿಗೆ ವಾಪಸು ಬಂದ ಮೇಲೆ ಮೊದಲ ಸಲ ನನ್ನ ಹೆಸರು. "ಏನಂದೆ ಅವಳಿಗೆ?"

"ಏನಿಲ್ಲ."

"ಪೂರ್ತಿ ಹೇಳಿದ್ಯೋ, ಅರ್ಧ ಹೇಳಿದ್ಯೋ?"

ತಟ್ಟೆ ಎತ್ತಿಕೊಂಡು ಎದ್ದೆ.

ಅಡುಗೆಮನೆಯಲ್ಲಿ ರೂಪ ಹುರುಳಿ ಆರಿಸುತ್ತಿದ್ದಳು. ಎದುರಿಗೆ ಕೂತೆ. ಮೊರದಲ್ಲಿ ಕೈಯಾಡಿಸುತ್ತಾ, ಎಂದೂ ಯಾರ ಹತ್ತಿರವೂ ಆಡದಷ್ಟು ಮಾತು ಆಡಿದೆ. "ನಾನು ಅರ್ಧ ಹೇಳಿದ್ದೆ ಅತ್ತಿಗೆ. ಅಜ್ಜಿ ಸುಳ್ಳಿಗೆ ಶುರು ಮಾಡಿದ್ದು ನಿಜ. ಆದ್ರೆ ಆಮೇಲೆ ನಗು ತಡೆಯಾಕೇ ಆಗಲಿಲ್ಲವಂತೆ. ಅವಳೇ ಹೇಳಿದ್ದು. ನಂಗೆ ಹೊಟ್ಟೆಕಿಚ್ಚು, ಅದಕ್ಕೇ ಹೇಳಲಿಲ್ಲ."

ರೂಪ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. "ಬಿಡು ಲಚ್ಚಿ. ನನ್ನ ಸಮಾಧಾನಕ್ಕೆ ಯಾಕೆ ಇಷ್ಟೆಲ್ಲಾ ಹೇಳ್ತೀಯ?"

"ಸತ್ಯ ಅತ್ತಿಗೆ. ಬೇಕಾದ್ರೆ ಅಜ್ಜೀನ ಕೇಳಿ."

"ಅವರೂ ಪಾಪ ಅಂತ ಹಂಗೇ ಹೇಳ್ತಾರಲ್ಲ," ಎಂದು ಅವಳು ನಕ್ಕಳು. ಮನೆಗೆ ಬಂದ ನೆಂಟರನ್ನು ನೋಡಿ ಮರ್ಯಾದೆಗೆ ನಗುವ ನಗು.